ಹೆಣ್ಣಾಳಿನ ಕೂಲಿ, ಬಾಣಂತನ, ಐವತ್ತು ದಾಟಿದ ಮೈ

ಹೋದ ಸಲ ಕಪ್ಪು ತಲೆ ಹುಳದ ಬಗ್ಗೆ ಬರೆದಾಗ ತುಂಬಾ ಜನ ಫೋನ್ ಮಾಡಿದ್ರಿ. ಈ ಸಲ ಹುಳ ಇಲ್ಲ, ಗೊಬ್ಬರ ಇಲ್ಲ. ಕೊಬ್ಬರಿ ಒಡೆಯೋಕೆ, ಕಾಯಿ ಹೊರೋಕೆ ನಾವು ಕರೆಯೋ ಹೆಂಗಸ್ರ ಆರೋಗ್ಯದ ವಿಚಾರ, ಅದರ ಹಿಂದಿನ ಚರಿತ್ರೆ. ಉದ್ದ ಇದೆ, ಬಿಡುವಾದಾಗ ಓದಿ. ಗಂಡಸರೂ ಓದಿ. ಗಬ್ಬದ ಹಸುವಿಗೆ ಏನು ಹಾಕ್ಬೇಕು, ಎಷ್ಟು ದಿನ ಹೂಡಬಾರದು ಅಂತ ನಾವೇ ಮಾತಾಡ್ತೀವಿ. ಇದಕ್ಯಾಕೆ ನಾಚಿಕೆ.

ಬರೆಯೋಕೆ ಎರಡು ಕಾರಣ. ಮೊದಲನೇದು, ಇಂಗ್ಲೆಂಡಿನ ಒಂದು ಅಧ್ಯಯನದ ಬಗ್ಗೆ ಓದಿದ್ದು. 1946ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಆ ದೇಶದಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರಾರು ಜನರನ್ನ ಅಲ್ಲಿನ ವೈದ್ಯರು ಇವತ್ತಿನವರೆಗೂ ಗಮನಿಸ್ತಾ ಬಂದಿದ್ದಾರೆ. ಅದರಲ್ಲಿ ಹೆಣ್ಣುಮಕ್ಕಳು 54 ವರ್ಷಕ್ಕೆ ಬಂದಾಗ ಯಾರ ಆರೋಗ್ಯ ಹೇಗಿದೆ ಅಂತ ನೋಡಿ 2006ರಲ್ಲಿ ಪ್ರಕಟಿಸಿದ್ರು. ಸಂಸಾರ, ಮಕ್ಕಳು, ಸಂಬಳದ ಕೆಲಸ ಮೂರನ್ನೂ ವರ್ಷಗಟ್ಟಲೆ ತೂಗಿಸಿದ ಹೆಂಗಸ್ರೇ ಗಟ್ಟಿಯಾಗಿದ್ರು. ಬರೀ ಮನೆಯಲ್ಲೇ ಇದ್ದವರಲ್ಲಿ ಬೊಜ್ಜು ಜಾಸ್ತಿ, ನನಗೆ ಹುಷಾರಿಲ್ಲ ಅನ್ನೋರೂ ಜಾಸ್ತಿ. ಗಟ್ಟಿ ಇದ್ದವರು ಕೆಲಸಕ್ಕೆ ಹೋದ್ರೋ, ಕೆಲಸಕ್ಕೆ ಹೋಗಿದ್ದಕ್ಕೆ ಗಟ್ಟಿ ಆದ್ರೋ ಅನ್ನೋ ಅನುಮಾನ ಬರುತ್ತಲ್ಲ, ಅದಕ್ಕೆ ಅವರ 26ನೇ ವರ್ಷದ ಆರೋಗ್ಯವನ್ನೂ ಲೆಕ್ಕಕ್ಕೆ ತಗೊಂಡು ನೋಡಿದ್ರಂತೆ. ಆಗಲೂ ಅದೇ ಉತ್ತರ.

ಎರಡನೇ ಕಾರಣ ನಮ್ಮ ಮಾವನವರ ಲೆಕ್ಕದ ಪುಸ್ತಕ. ಅಟ್ಟ ಗುಡಿಸುವಾಗ ಸಿಕ್ಕಿದ್ದು, 1974ನೇ ಇಸವಿದು. ಗಂಡಾಳಿಗೆ 3 ರೂಪಾಯಿ, ಹೆಣ್ಣಾಳಿಗೆ 1 ರೂಪಾಯಿ 50 ಪೈಸೆ. ಗಂಡಾಳುಗಳ ಹೆಸರಿದೆ. ಹೆಣ್ಣಾಳುಗಳಿಗೆ ಹೆಸರಿಲ್ಲ, "ಹೆ. 4", "ಹೆ. 6" ಅಂತ ಎಣಿಕೆ ಅಷ್ಟೇ. ಒಂದು ಪುಟದಲ್ಲಿ ಮಾತ್ರ ಅಂಚಿನಲ್ಲಿ ಹೀಗೆ ಬರೆದಿದ್ದಾರೆ: "ಕಾಯಿ ಹೊರೋ ಹೆಣ್ಣಾಳು ಒಬ್ಬಳಿಗೆ ಹೆರಿಗೆ, 13 ದಿನ ಇಲ್ಲ." ಹದಿನಾಲ್ಕನೇ ದಿನ ಎಣಿಕೆ ಮತ್ತೆ ಆರಕ್ಕೆ ಬಂದಿದೆ. ಕಾಯಿ ಹೊರೋಕೇ ಬಂದಿದ್ದಾಳೆ, ಯಾಕಂದ್ರೆ ಆ ವಾರ ಪೂರ್ತಿ ಅಟ್ಟ ತುಂಬಿಸೋ ಕೆಲಸ.

ಸಿಪ್ಪೆ ಸಮೇತ ಬಲಿತ ಕಾಯಿ ಒಂದೊಂದು ಕೆಜಿ ಮೇಲೇ ತೂಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಂಕರಿಗೆ ಇಪ್ಪತ್ತು ಕಾಯಿ ಅಂದ್ರೂ ಇಪ್ಪತ್ತು ಕೆಜಿ ದಾಟ್ತು. ಅದನ್ನ ತಲೆ ಮೇಲೆ ಇಟ್ಕೊಂಡು ಏಣಿ ಹತ್ತಬೇಕು. ಹೆತ್ತು ಎರಡು ವಾರ ಆಗಿಲ್ಲದ ಮೈ.

ಇಂಗ್ಲೆಂಡಿನ ಹೆಂಗಸೂ ಹೆತ್ತಳು, ದುಡಿದಳು, 54ಕ್ಕೆ ಗಟ್ಟಿ ಇದ್ದಳು. ನಮ್ಮ ಈ ಹೆಣ್ಣಾಳೂ ಹೆತ್ತಳು, ದುಡಿದಳು. ನಮ್ಮ ಕಡೆ ಐವತ್ತು ದಾಟಿದ ಕೂಲಿ ಹೆಂಗಸ್ರು ಹೇಗಿದ್ದಾರೆ ಅಂತ ನೀವೇ ನೋಡಿದ್ದೀರಿ. ಸೊಂಟ ಹಿಡಿದಿರುತ್ತೆ, ಮಂಡಿ ಹೋಗಿರುತ್ತೆ, ಕೆಮ್ಮು ಇರುತ್ತೆ. ಬಾಯಿ ಬಿಟ್ಟು ಹೇಳದ ಇನ್ನೊಂದು ತೊಂದರೆಯೂ ಇರುತ್ತೆ, ಅದಕ್ಕೆ ಆಮೇಲೆ ಬರ್ತೀನಿ. ಎರಡೂ ಕಡೆ ಕೆಲಸವೇ, ತಾಯ್ತನವೇ. ಫಲ ಮಾತ್ರ ಬೇರೆ. ಯಾಕೆ ಅನ್ನೋದನ್ನ ನೂರೈವತ್ತು ವರ್ಷ ಹಿಂದಿನಿಂದ ನೋಡಿದ್ರೆ ಸ್ವಲ್ಪ ಅರ್ಥ ಆಗುತ್ತೆ.

ಹೆಂಗಸ್ರು ಕೂಲಿಗೆ ಹೋಗೋದು ಈಚೆಗೆ ಶುರುವಾಗಿದ್ದು ಅಂತ ಕೆಲವರು ಅಂದ್ಕೊಂಡಿದ್ದಾರೆ. ನಮ್ಮ ಸೀಮೆಯ ಕೆರೆ ಏರಿ ಯಾರು ಹಾಕಿದ್ರು? ಗಂಡ ಅಗೆದ, ಹೆಂಡತಿ ಹೊತ್ತಳು. ಮಣ್ಣಿನ ಕೆಲಸದಲ್ಲಿ ಜೋಡಿ ಅಂದ್ರೆ ಅದೇ ಲೆಕ್ಕ. 1876ರಿಂದ 78ರವರೆಗೆ ಬಂತಲ್ಲ ಧಾತು ಈಶ್ವರ ಸಂವತ್ಸರದ ಬರ, ಮೈಸೂರು ಸೀಮೆಯಲ್ಲಿ ಐದು ಜನರಲ್ಲಿ ಒಬ್ಬರ ಲೆಕ್ಕಕ್ಕೆ ಜನ ಹೋದ್ರು. ಆಗ ಸರ್ಕಾರ ಪರಿಹಾರದ ಕಾಮಗಾರಿ ತೆಗೀತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಕೂಲಿಯನ್ನ ಎಷ್ಟು ಇಳಿಸಿದ ಅಂದ್ರೆ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದಾಣೆ. ಹೆಂಗಸಿಗೆ, ಮಕ್ಕಳಿಗೆ ಅದಕ್ಕಿಂತ ಕಮ್ಮಿ. ಮದ್ರಾಸಿನ ಆರೋಗ್ಯ ಇಲಾಖೆಯ ಕಾರ್ನಿಷ್ ಅನ್ನೋ ವೈದ್ಯಾಧಿಕಾರಿ, ಇಷ್ಟು ತಿಂದು ದುಡಿದ್ರೆ ಜನ ಉಳಿಯಲ್ಲ ಅಂತ ಜಗಳ ಕಾದ.

ಆ ಬರ ಮುಗಿದ ಮೇಲೆ 1880ರಲ್ಲಿ ಬರ ಆಯೋಗದ ವರದಿ ಬಂತು, ಅದರಿಂದ ಬರ ಸಂಹಿತೆಗಳು ಹುಟ್ಟಿದವು. ಅದರಲ್ಲಿ ಒಂದು ಅಂಶ ನನಗೆ ಆಶ್ಚರ್ಯ ಅನ್ನಿಸ್ತು. ಶಕ್ತಿ ಇದ್ದವರಿಗೆ ಕೆಲಸ, ಇಲ್ಲದವರಿಗೆ ಧರ್ಮಾರ್ಥ ಸಹಾಯ ಅಂತ ಎರಡು ಭಾಗ ಮಾಡಿದ್ರು. ಆ ಎರಡನೇ ಭಾಗದಲ್ಲಿ ಕುರುಡರು, ಕುಂಟರು, ಮುದುಕರ ಜೊತೆ, ಮನೆಯಲ್ಲಿ ಕೂಸು ನೋಡಿಕೊಳ್ಳೋಕೆ ಇರಲೇಬೇಕಾದವರನ್ನೂ ಸೇರಿಸಿದ್ರು. ಅಂದ್ರೆ ಕೂಸು ನೋಡಿಕೊಳ್ಳೋದೂ ಒಂದು ಕೆಲಸ, ಅದು ಇದ್ದವಳನ್ನ ಮಣ್ಣು ಹೊರೋಕೆ ಕಳಿಸಬಾರದು ಅಂತ ಆ ಕಾಲದ ಬ್ರಿಟಿಷ್ ಸರ್ಕಾರಕ್ಕೇ ಗೊತ್ತಿತ್ತು. ಬರಗಾಲಕ್ಕೆ ಮಾತ್ರ. ಮಳೆ ಬಂದ ಮೇಲೆ ಆ ತಿಳುವಳಿಕೆ ಕಡತಕ್ಕೆ ಹೋಯ್ತು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಅಣೆಕಟ್ಟೆ ಆ ಬರ ಕಳೆದು ಹದಿನೈದು ವರ್ಷದೊಳಗೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಆಗಿದ್ದು. ಅಲ್ಲಿ ಹೋದಾಗ ಫೋಟೋ ತೆಗೆಸಿಕೊಳ್ತೀವಿ. ಏರಿಯ ಮಣ್ಣು ತಲೆ ಮೇಲೆ ಬಂದಿದ್ದು ಅನ್ನೋದನ್ನೂ ಒಂದು ಸಲ ನೆನೆಸ್ಕೋಬಹುದು.

ಹಾಗಾದ್ರೆ ಬಾಣಂತನ ಅನ್ನೋದು ನಮ್ಮಲ್ಲಿ ಇರಲಿಲ್ವಾ? ಇತ್ತು, ಚೆನ್ನಾಗೇ ಇತ್ತು. ತವರಲ್ಲಿ ಮೂರು ತಿಂಗಳು, ಐದು ತಿಂಗಳು. ಎಣ್ಣೆ, ಬಿಸಿನೀರು, ಕಿವಿಗೆ ಬಟ್ಟೆ, ಹೊಟ್ಟೆಗೆ ಕಟ್ಟು, ಮೆಣಸಿನ ಸಾರು. ನೀರು ಕುಡಿಯೋಕೆ ಬಿಡ್ತಿರಲಿಲ್ಲ, ಅದೊಂದು ತಪ್ಪು ಪದ್ಧತಿ. ಹಾಲು ಕುಡಿಸೋಳಿಗೆ ನೀರು ಜಾಸ್ತಿನೇ ಬೇಕು. ಆದ್ರೆ ಭಾರ ಎತ್ತಬೇಡ, ಕುಕ್ಕರುಗಾಲಲ್ಲಿ ಕೂರಬೇಡ, ಮಲಗು ಅಂದಿದ್ದು ಸರಿ. ಹೆರಿಗೆಯಲ್ಲಿ ಸಡಿಲ ಆದ ನರ, ಸ್ನಾಯು ಬಿಗಿಯಾಗೋಕೆ ವಾರಗಟ್ಟಲೆ ಬೇಕು ಅಂತ ಇವತ್ತಿನ ವೈದ್ಯರೂ ಹೇಳ್ತಾರೆ. ತೊಂದರೆ ಏನಂದ್ರೆ ಈ ಬಾಣಂತನ ಕಣಜದಲ್ಲಿ ರಾಗಿ ಇದ್ದ ತವರಿಗೆ ಮಾತ್ರ ಇತ್ತು. ಅಮ್ಮನೂ ಕೂಲಿ, ಮಗಳೂ ಕೂಲಿ ಅಂದ್ರೆ ಹನ್ನೊಂದನೇ ದಿನ ಪುರುಡು ಕಳೆದ ಮೇಲೆ ಎದ್ದು ಹೊರಡೋದೇ. ನಮ್ಮ ಮಾವನ ಪುಸ್ತಕದ ಹದಿಮೂರು ದಿನ ಆ ಲೆಕ್ಕದಲ್ಲಿ ಎರಡು ದಿನ ಜಾಸ್ತಿನೇ.

ಇದೇ ಹೊತ್ತಿಗೆ ಪ್ರಪಂಚದಲ್ಲಿ ಕಾನೂನು ಬರ್ತಾ ಇತ್ತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶುರುವಾದ ವರ್ಷವೇ, ಹೆರಿಗೆಗೆ ಮುಂಚೆ ಆರು ವಾರ, ಆದಮೇಲೆ ಆರು ವಾರ ರಜ, ಆಮೇಲೆ ದಿನಕ್ಕೆ ಎರಡು ಸಲ ಹಾಲೂಡಿಸೋಕೆ ಬಿಡುವು ಅಂತ ಒಪ್ಪಂದ ಮಾಡಿದ್ರು. ಕಾರ್ಖಾನೆಗೆ, ವ್ಯಾಪಾರಕ್ಕೆ. ಹೊಲಕ್ಕಲ್ಲ. ಇಂಡಿಯಾ ಅದಕ್ಕೆ ಅಧಿಕೃತವಾಗಿ ಒಪ್ಪಿಗೆ ಹಾಕಲಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ 1928ರಲ್ಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ ಅಂಬೇಡ್ಕರ್ ಅವರು ಶಾಸನಸಭೆಯಲ್ಲಿ ಅದರ ಪರ ಮಾತಾಡಿದ್ರು. ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಹಾಗಾಗಿ ಅದರ ಖರ್ಚಿನ ಭಾರವೂ ಸರ್ಕಾರದ್ದೇ ಅನ್ನೋದು ಅವರ ವಾದದ ತಿರುಳು. ಆದ್ರೂ ಮಾಲೀಕನಿಂದ ಕೊಡಿಸೋ ಕಾನೂನನ್ನೂ ಅವರು ಬೇಡ ಅನ್ನಲಿಲ್ಲ. 1929ರಲ್ಲಿ ಆ ಕಾಯ್ದೆ ಆಯ್ತು, ದೇಶದಲ್ಲಿ ಮೊದಲನೇದು. ಸ್ವಾತಂತ್ರ್ಯ ಬಂದ ಮೇಲೆ 1961ರ ಹೆರಿಗೆ ಸೌಲಭ್ಯ ಕಾಯ್ದೆ: 12 ವಾರ ಸಂಬಳದ ರಜ, ಹೆರಿಗೆಯಾಗಿ ಆರು ವಾರ ಕೆಲಸಕ್ಕೆ ಹಚ್ಚೋದೇ ಅಪರಾಧ. 2017ರಲ್ಲಿ ಅದು 26 ವಾರಕ್ಕೆ ಏರಿತು.

ಈಗ ನಮಗೆ ತಾಗೋ ಜಾಗ. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಚಿಕ್ಕಮಗಳೂರಿನ, ಕೊಡಗಿನ ಕಾಫಿ ತೋಟದಲ್ಲಿ ಐವತ್ತು ಹೆಂಗಸ್ರಿದ್ರೆ ಕೂಸಿನ ಕೋಣೆ ಇಡಬೇಕು, ಹೆರಿಗೆ ಭತ್ಯೆ ಕೊಡಬೇಕು ಅಂತಾಯ್ತು. ಆ ಕಾಯ್ದೆ ಪ್ರಕಾರ "ತೋಟ" ಅಂದ್ರೆ ಟೀ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ತೆಂಗು ಇಲ್ಲ! ತಿಪಟೂರು, ತುರುವೇಕೆರೆಯಲ್ಲಿ ನಿಂತು ತೋಟ ಅಂದ್ರೆ ಏನು ಅಂತ ಯಾವ ಮಗುವನ್ನ ಕೇಳಿದ್ರೂ ತೆಂಗು ಅನ್ನುತ್ತೆ. ಕಾಯ್ದೆಗೆ ಗೊತ್ತಿಲ್ಲ. ಸೇರಿಸಿದ್ರೂ ನಮ್ಮಂಥ ಎರಡೆಕರೆ ಮೂರೆಕರೆಯೋರಿಗೆ ಅದು ತಾಗ್ತಿರಲಿಲ್ಲ ಅನ್ನಿ, ದೊಡ್ಡ ತೋಟಕ್ಕೆ ಮಾಡಿದ್ದು ಅದು. ಹೀಗಾಗಿ ನಮ್ಮ ಹೆಣ್ಣಾಳು ಒಂದು ದಿನ ನಮ್ಮ ತೋಟ, ಇನ್ನೊಂದು ದಿನ ನಿಮ್ಮ ತೋಟ. ಅವಳಿಗೆ ಮಾಲೀಕ ಅಂತ ಯಾರೂ ಇಲ್ಲ. ಹತ್ತು ಜನ ಇದ್ದೀವಿ, ಯಾರೂ ಅಲ್ಲ.

ಹೇಳ್ತೀನಿ ಅಂದಿದ್ದ ಆ ತೊಂದರೆಗೆ ಬರ್ತೀನಿ. ಗರ್ಭಕೋಶ ಜಾರೋದು. "ಮೈ ಕೆಳಗೆ ಬಂದಿದೆ" ಅಂತ ಹೆಂಗಸ್ರು ಗುಟ್ಟಾಗಿ ಅಂತಾರೆ. ಮೇಲೆ ಮೇಲೆ ಹೆರಿಗೆ, ಕಷ್ಟದ ಹೆರಿಗೆ, ಸರಿಯಾಗಿ ಊಟ ಇಲ್ಲ, ಹಸಿ ಮೈಯಲ್ಲಿ ಭಾರ, ಆಮೇಲೆ ಒಲೆ ಹೊಗೆಗೋ ನಾರಿನ ದೂಳಿಗೋ ವರ್ಷಗಟ್ಟಲೆ ಕೆಮ್ಮು. ಒಂದೊಂದು ಸಲ ಭಾರ ಎತ್ತಿದಾಗಲೂ, ಕೆಮ್ಮಿದಾಗಲೂ ಹೊಟ್ಟೆ ಒಳಗಿನ ಒತ್ತಡ ಕೆಳಗೆ ತಳ್ಳುತ್ತೆ. ಇಪ್ಪತ್ತೈದನೇ ವಯಸ್ಸಲ್ಲಿ ಸಡಿಲ ಆಗಿದ್ದು ನಲವತ್ತೈದಕ್ಕೆ ಕಾಣಿಸ್ಕೊಳ್ಳುತ್ತೆ, ಅಷ್ಟೊತ್ತಿಗೆ ಯಾವುದರಿಂದ ಆಯ್ತು ಅಂತ ಯಾರೂ ಕೇಳಲ್ಲ. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಇದು ಎಷ್ಟು ಜಾಸ್ತಿ ಅಂದ್ರೆ, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಹೆಂಗಸ್ರ ಹಕ್ಕಿನ ಪ್ರಶ್ನೆ, ಸರ್ಕಾರ ಕ್ರಮ ತಗೋಬೇಕು ಅಂತ ಆದೇಶ ಮಾಡ್ತು. ಅಲ್ಲೂ ಹೆತ್ತ ಕೆಲವೇ ದಿನಕ್ಕೆ ಹೊರೆ ಹೊರೋದೇ ಒಂದು ಮುಖ್ಯ ಕಾರಣ.

ಹೆಂಗಸ್ರು ಹೇಳ್ಕೊಳ್ಳಲ್ಲ, ಹಾಗಾಗಿ ಬಹಳ ಕಾಲ ವೈದ್ಯಶಾಸ್ತ್ರಕ್ಕೂ ಇದರ ಅಂದಾಜು ಇರಲಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್, ಅಭಯ್ ಬಂಗ್ ಅನ್ನೋ ವೈದ್ಯ ದಂಪತಿ ಎರಡು ಹಳ್ಳಿಯಲ್ಲಿ 650 ಹೆಂಗಸ್ರನ್ನ ಪರೀಕ್ಷೆ ಮಾಡಿ 1989ರಲ್ಲಿ ಪ್ರಕಟಿಸಿದ್ರು. ನೂರಕ್ಕೆ 92 ಜನಕ್ಕೆ ಒಂದಲ್ಲ ಒಂದು ಸ್ತ್ರೀರೋಗ. ಅದಕ್ಕೆ ಮುಂಚೆ ಒಂದು ಸಲವಾದ್ರೂ ಪರೀಕ್ಷೆ ಮಾಡಿಸ್ಕೊಂಡಿದ್ದವರು ನೂರಕ್ಕೆ 8. ಮಿಕ್ಕವರು ಹಾಗೇ ಗದ್ದೆಗೆ ಹೋಗ್ತಿದ್ರು, ಬರ್ತಿದ್ರು.

ಹೇಳ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಬೀಡ್ ಜಿಲ್ಲೆ ಇದೆ. ಕಬ್ಬು ಕಡಿಯೋಕೆ ನಮ್ಮ ರಾಜ್ಯಕ್ಕೂ ಬರ್ತಾರಲ್ಲ, ಅದೇ ಬೀಡ್. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿ ಸಮೀಕ್ಷೆ ನಡೆಸಿದಾಗ 82 ಸಾವಿರ ಚಿಲ್ಲರೆ ಕಬ್ಬಿನ ಕೂಲಿ ಹೆಂಗಸ್ರಲ್ಲಿ 13 ಸಾವಿರಕ್ಕಿಂತ ಜಾಸ್ತಿ ಜನಕ್ಕೆ ಗರ್ಭಕೋಶವನ್ನೇ ತೆಗೆದಿದ್ರು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ್ರೆ ಕತ್ತರಿ. ಒಂದು ದಿನ ರಜ ಹಾಕಿದ್ರೂ ಮೇಸ್ತ್ರಿ ದಂಡ ಹಿಡೀತಾನೆ, ಹಾಗಾಗಿ ತಿಂಗಳ ಕಷ್ಟವೇ ಬೇಡ ಅಂತ ಹೆಂಗಸ್ರೂ ಒಪ್ಕೊಳ್ತಿದ್ರು. ಚಿಕ್ಕ ವಯಸ್ಸಲ್ಲಿ ತೆಗೆದ್ರೆ, ಅದರಲ್ಲೂ ಅಂಡಕೋಶ ಸೇರಿಸಿ ತೆಗೆದ್ರೆ, ಮೂಳೆ ಬೇಗ ಟೊಳ್ಳಾಗುತ್ತೆ, ಹೃದಯಕ್ಕೂ ಅಪಾಯ. ನಮ್ಮ ರಾಜ್ಯದಲ್ಲೂ ಕಲಬುರಗಿ ಕಡೆ ತಾಂಡಾಗಳಲ್ಲಿ ಇಂಥದ್ದೇ ಗಲಾಟೆ 2015ರಲ್ಲಿ ಆಗಿದ್ದು ನೆನಪಿರಬಹುದು.

ತಾಯಿಯ ದುಡಿಮೆ ಅವಳ ಮೈಗೇ ನಿಲ್ಲೋದೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರೆ, ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ರು. ಅರವತ್ತು ವರ್ಷ ಆದಮೇಲೆ ಆ ಪುಸ್ತಕ ಹಿಡ್ಕೊಂಡು, 1954ರ ಒಳಗೆ ಹುಟ್ಟಿದ 517 ಜನರನ್ನ ಹುಡುಕಿ ಹೃದಯ ಪರೀಕ್ಷೆ ಮಾಡಿದ್ರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. 3.1 ಕೆಜಿ ಮೇಲೆ ಹುಟ್ಟಿದವರಲ್ಲಿ ನೂರಕ್ಕೆ 3. ಬಸುರಲ್ಲಿ ತಾಯಿಗೆ ಸಿಕ್ಕದ್ದು ಮಗುವಿನ ಎದೆಯಲ್ಲಿ ಐವತ್ತು ವರ್ಷಕ್ಕೆ ಕಾಣಿಸುತ್ತೆ. ಒಬ್ಬ ನರ್ಸ್ ತಕ್ಕಡಿ ನೋಡಿ ಬರೆದಿದ್ದ ಸಂಖ್ಯೆ ಇಷ್ಟು ಕಾಲ ಆದಮೇಲೆ ಲೋಕಕ್ಕೆಲ್ಲ ಪಾಠ ಆಯ್ತಲ್ಲ ಅಂತ ನನಗೆ ಖುಷಿ.

ಪುಣೆ ಹತ್ತಿರದ ಆರು ಹಳ್ಳಿಯಲ್ಲಿ 1990ರ ದಶಕದಲ್ಲಿ ರೈತ ಹೆಂಗಸ್ರ ಮೇಲೆ ಇನ್ನೊಂದು ಅಧ್ಯಯನ ಆಯ್ತು. ಬಸುರಿ ಎಷ್ಟು ತಿಂತಾಳೆ ಅನ್ನೋದರ ಜೊತೆ ಎಷ್ಟು ದುಡೀತಾಳೆ, ಬಾವಿಯಿಂದ ನೀರು ಹೊರ್ತಾಳಾ ಅಂತಾನೂ ಬರ್ಕೊಂಡ್ರು. ದುಡಿಮೆ ಜಾಸ್ತಿ ಇದ್ದಷ್ಟೂ ಕೂಸಿನ ಗಾತ್ರ ಚಿಕ್ಕದು. ಸೊಪ್ಪು, ಹಾಲು, ಹಣ್ಣು ತಿಂದವರ ಕೂಸು ದಪ್ಪ. ನಮ್ಮಲ್ಲಿ ಸೊಪ್ಪಿಗೆ ಬರ ಇಲ್ಲ, ಆದ್ರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸ್ರಲ್ಲಿ ರಕ್ತ ಕಮ್ಮಿ ಇರೋರು ನೂರಕ್ಕೆ 47.8. ಅದರ ಹಿಂದಿನ ಸಮೀಕ್ಷೆಯಲ್ಲಿ 44.8 ಇತ್ತು. ಕಮ್ಮಿ ಆಗಬೇಕಾಗಿದ್ದು ಏರಿದೆ.

ಹಾಗಂತ ಹೆಂಗಸ್ರು ಕೂಲಿಗೆ ಬರಬಾರದು, ಮನೆಯಲ್ಲಿರಲಿ ಅಂತ ಯಾರಾದ್ರೂ ಇದರಿಂದ ಅರ್ಥ ಮಾಡ್ಕೊಂಡ್ರೆ ನಾನು ಒಪ್ಪಲ್ಲ. ಮನೆ ಅಂದ್ರೆ ವಿಶ್ರಾಂತಿ ಅನ್ನೋರು ಒಂದು ದಿನ ನಾಲ್ಕು ಹಸು ಕಟ್ಕೊಂಡು ಇದ್ದು ನೋಡಲಿ. ಡೇರಿ ದುಡ್ಡು, 2000ದಿಂದೀಚೆಗೆ ಸ್ತ್ರೀಶಕ್ತಿ ಸಂಘದ ದುಡ್ಡು ಕೈಗೆ ಬಂದ ಮೇಲೆ ನಮ್ಮ ಹೆಂಗಸ್ರು ಯಾರನ್ನೂ ಕೇಳದೆ ಬಸ್ ಹತ್ತಿ ಆಸ್ಪತ್ರೆಗೆ ಹೋಗೋದು ಕಲಿತ್ರು. ಸ್ವಂತ ಸಂಪಾದನೆಯಿಂದ ಆರೋಗ್ಯ ಆಗುತ್ತೆ ಅನ್ನೋ ಇಂಗ್ಲೆಂಡಿನ ಮಾತು ಅಷ್ಟರಮಟ್ಟಿಗೆ ಇಲ್ಲೂ ನಿಜ. ಆದ್ರೆ ಅಲ್ಲಿಯ ಆ ಹೆಂಗಸ್ರು ಎರಡು ವರ್ಷದ ಕೂಸಾಗಿದ್ದಾಗಲೇ, 1948ರಲ್ಲಿ, ಅಲ್ಲಿ ಎಲ್ಲರಿಗೂ ಪುಕ್ಕಟೆ ಸರ್ಕಾರಿ ವೈದ್ಯ ಸೇವೆ ಬಂದಿತ್ತು. ಅವರು ಹೆರೋ ಹೊತ್ತಿಗೆ ಸೂಲಗಿತ್ತಿ ನರ್ಸು ಮನೆ ಬಾಗಿಲಿಗೆ ಬರ್ತಿದ್ಲು. ತಲೆ ಮೇಲೆ ಹೊರೆ ಹೊರೋ ಕೂಲಿಯೂ ಅಲ್ಲಿಯ ಹೆಂಗಸ್ರಿಗೆ ಇರಲಿಲ್ಲ.

ನಮ್ಮಲ್ಲಿ ಕೆಲಸವೂ ಬದಲಾಗ್ತಾ ಬಂದಿದೆ. 1998ರ ಹೊತ್ತಿಗೆ ಕೇರಳದಲ್ಲಿ ಕಂಡ ನುಸಿ ಪೀಡೆ ಆಮೇಲೆ ನಮ್ಮ ತೋಟಕ್ಕೂ ಬಂದು ಕಾಯಿ ಸುಂಡಿತಲ್ಲ, ಆಗ ಎಷ್ಟೋ ಮನೆ ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ್ರು. ಅಲ್ಲಿ ಕಾಯ್ದೆ ಇದೆ, ಇಎಸ್‌ಐ ಇದೆ, ಹೆರಿಗೆ ರಜ ಇದೆ. ಟಾರ್ಗೆಟ್ಟೂ ಇದೆ. ಮೂತ್ರಕ್ಕೆ ಏಳಬೇಕಾಗುತ್ತೆ ಅಂತ ನೀರು ಕುಡಿಯದೆ ಕೂತು ಉರಿಮೂತ್ರ ತಗೊಂಡು ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ಇಲ್ಲೇ ಉಳಿದವರು ನಾರಿನ ರಾಟೆಗೆ, ಕಾಯಿಪುಡಿ ಕಾರ್ಖಾನೆಯಲ್ಲಿ ಕಾಯಿ ಹೆರೆಯೋಕೆ, ನಮ್ಮ ಕೊಬ್ಬರಿಗೆ. ಕೊಬ್ಬರಿ ಒಡೆಯೋದು ಕೂತು ಮಾಡೋ ಕೆಲಸ, ಹಗುರ ಅಂತ ನಾವು ಅಂತೀವಿ. ಎಂಟು ಗಂಟೆ ನೆಲದ ಮೇಲೆ ಕಾಲು ಮಡಿಚಿ ಕೂತು ಮಚ್ಚು ಹಿಡಿದವರ ಮಂಡಿ ಕೇಳಿದ್ರೆ ಗೊತ್ತಾಗುತ್ತೆ. ನಾನೂ ಕೂತಿದ್ದೀನಿ, ನನ್ನ ಎಡಮಂಡಿ ಈಗ ಪೂರ್ತಿ ಮಡಿಸೋಕಾಗಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನೋದೂ ತಪ್ಪು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕಾಮಗಾರಿ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ರೆ ನೋಡ್ಕೊಳ್ಳೋಕೆ ಒಬ್ಬಳನ್ನ ಇಟ್ಟು ಕೂಲಿ ಕೊಡಬೇಕು ಅಂತ ಬರೆದ್ರು. ಬರ ಸಂಹಿತೆ ಆಗಿ ನೂರಿಪ್ಪತ್ತು ವರ್ಷ ಆದಮೇಲೆ ಕೂಸಿನ ಮಾತು ಮತ್ತೆ ಕೂಲಿ ಕಾಯ್ದೆಗೆ ಬಂತು. 2017ರ ಗಾಂಧಿ ಜಯಂತಿಯಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ, ಬಸುರಿ ಬಾಣಂತಿಗೆ ಅಂಗನವಾಡಿಯಲ್ಲಿ ಬಿಸಿಯೂಟ. 2023ರಿಂದ ಕೂಸಿನ ಮನೆ, ಗ್ರಾಮ ಪಂಚಾಯ್ತಿಯಲ್ಲಿ ಏಳು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ. ಇದು ಒಳ್ಳೇ ಕೆಲಸ. ಆದ್ರೆ ಹೆತ್ತ ಮೊದಲ ಆರು ತಿಂಗಳು, ಮೈ ಕೂಡಿಕೊಳ್ಳಬೇಕಾದ ಕಾಲ, ಅದಕ್ಕೆ ಏನಿದೆ? ಪ್ರಧಾನ ಮಂತ್ರಿ ಮಾತೃವಂದನಾದಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಕಂತಿನಲ್ಲಿ. ನಮ್ಮ ಕಡೆ ಹೆಂಗಸಿನ ಕೂಲಿ ದಿನಕ್ಕೆ 400 ಅಂತ ಹಿಡಿದು ಭಾಗಿಸಿ ನೋಡಿ. ಹನ್ನೆರಡೂವರೆ ದಿನ ಬರುತ್ತೆ. ಮಾವನವರ ಪುಸ್ತಕದಲ್ಲಿ ಹದಿಮೂರು.

ಅಂಬೇಡ್ಕರ್ 1928ರಲ್ಲಿ ಹೇಳಿದ್ದು ನಮ್ಮಂಥವರ ತೋಟಕ್ಕೆ ಸರಿಯಾಗಿ ಹೊಂದುತ್ತೆ. ಮೂರೆಕರೆಯೋನು 26 ವಾರದ ಸಂಬಳ ಕೊಡೋಕಾಗಲ್ಲ, ಕೊಡು ಅಂದ್ರೆ ಮದುವೆಯಾದ ಹುಡುಗಿಯರನ್ನ ಕರೆಯೋದೇ ಬಿಡ್ತಾನೆ. ಅದು ಸರ್ಕಾರ ಕೊಡಬೇಕಾದ್ದು, ಆರು ವಾರದ ಪೂರ್ತಿ ಕೂಲಿಯಾದ್ರೂ. ನಮ್ಮ ಕೈಯಲ್ಲಿರೋದು ಬೇರೆ: ಬಾಣಂತಿಗೆ ಮಂಕರಿ ಹೊರಿಸದೆ ಕರಟ ಆರಿಸೋಕೆ ಹಾಕೋದು, ಅದೇ ಕೂಲಿ ಕೊಡೋದು, ಕೂರೋಕೆ ಗಿಡ್ಡ ಮಣೆ ಇಡೋದು, ಅಟ್ಟಕ್ಕೆ ಕಾಯಿ ಏರಿಸೋಕೆ ರಾಟೆ ಹಗ್ಗ ಕಟ್ಟೋದು. ರಾಟೆ ನಾವು ಎರಡು ವರ್ಷದಿಂದ ಕಟ್ಟಿದ್ದೀವಿ. ಖರ್ಚು ಒಂದು ಮೂಟೆ ಕೊಬ್ಬರಿಗಿಂತ ಬಹಳ ಕಮ್ಮಿ. ಬೇಕಾದವರು ಬಂದು ನೋಡಿ.

ಗರ್ಭಕೋಶ ಜಾರಿರೋರು ನಿಮ್ಮ ಮನೆಯಲ್ಲೋ ಆಳುಗಳಲ್ಲೋ ಇದ್ರೆ, ಎಲ್ಲರಿಗೂ ಆಪರೇಷನ್ನೇ ಆಗಬೇಕು ಅಂತಿಲ್ಲ ಅನ್ನೋದು ತಿಳಿಸಿ. ಶುರುವಿನಲ್ಲಿ ಸ್ನಾಯು ಬಿಗಿ ಮಾಡೋ ವ್ಯಾಯಾಮ ಇದೆ, ಒಳಗೆ ಇಡೋ ರಬ್ಬರಿನ ಬಳೆ ಇದೆ. ತೆಗೆಯಲೇಬೇಕು ಅಂತ ಯಾರಾದ್ರೂ ಅವಸರ ಮಾಡಿದ್ರೆ ಇನ್ನೊಬ್ಬ ಸ್ತ್ರೀರೋಗ ವೈದ್ಯರನ್ನ ಕೇಳದೆ ಒಪ್ಕೋಬೇಡಿ.

ಕೊನೆಗೊಂದು ಕೋರಿಕೆ. ಯಾರ ಮನೆಯ ಅಟ್ಟದಲ್ಲಾದ್ರೂ ಹಳೇ ಕೂಲಿ ಲೆಕ್ಕದ ಪುಸ್ತಕ ಇದ್ರೆ ಗುಜರಿಗೆ ಹಾಕಬೇಡಿ. ಹೆಣ್ಣಾಳಿನ ಕೂಲಿ, ಹೆರಿಗೆ, ಗೈರುಹಾಜರಿ ಬಗ್ಗೆ ಏನಾದ್ರೂ ಬರೆದಿದ್ರೆ ಆ ಪುಟದ ಫೋಟೋ ತೆಗೆದು ಕಳಿಸಿ. ಹೆಸರು ಮುಚ್ಚಿ ಕಳಿಸಿದ್ರೆ ಸಾಕು, ಇಸವಿ ಮಾತ್ರ ಕಾಣಬೇಕು. ಮುಂದಿನ ವಾರ ಕೊಬ್ಬರಿ ಅಟ್ಟದ ಇಲಿ ಕಾಟದ ಬಗ್ಗೆ ಬರೀತೀನಿ.